ಡ್ರೈಯರ್ ಬಿಸಿ ಆಗುತ್ತಿಲ್ಲವೇ? ಕಾಯಿಲ್ ತರುವ ಮೊದಲು ಗಾಳಿ ಎಲ್ಲಿ ಕಟ್ಟಿದೆ ನೋಡಿ

"ಅಣ್ಣಾ, ಡ್ರೈಯರ್ ತಿರುಗ್ತಾ ಇದೆ, ಬಿಸೀನೇ ಆಗ್ತಿಲ್ಲ. ಕಾಯಿಲ್ ಹೋಗಿರ್ಬೇಕು. ಬರೋವಾಗ ಒಂದು ಕಾಯಿಲ್ ತಗೊಂಡೇ ಬಂದ್ಬಿಡಿ."

ತುಮಕೂರಿನಲ್ಲಿ ಮಳೆ ಹಿಡಿಯುವುದು ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ. ಆ ವಾರಗಳಲ್ಲಿ ನನಗೆ ಬರುವ ಫೋನ್‌ಗಳಲ್ಲಿ ಈ ಮಾತು ತಪ್ಪುವುದಿಲ್ಲ. ವಾಷಿಂಗ್ ಮೆಷಿನ್, ಗೀಸರ್, ಡ್ರೈಯರ್ ರಿಪೇರಿ ನನ್ನ ಕೆಲಸ. ಹೋಗಿ ನೋಡಿದರೆ ಕಾಯಿಲ್, ಅಂದರೆ ಗಾಳಿಯನ್ನು ಬಿಸಿ ಮಾಡುವ ಹೀಟರ್ ತಂತಿ, ನಿಜಕ್ಕೂ ಸುಟ್ಟಿರುವ ಮನೆಗಳು ಕಡಿಮೆ. ಹೆಚ್ಚಿನ ಕಡೆ ಗಾಳಿ ಹೊರಹೋಗುವ ದಾರಿ ಕಟ್ಟಿರುತ್ತದೆ, ಅದರಿಂದ ಒಳಗೆ ಶಾಖ ಏರಿ ರಕ್ಷಣೆಗೆ ಇಟ್ಟ ಪುಟ್ಟ ಫ್ಯೂಸ್ ಕಡಿದಿರುತ್ತದೆ. ಇಲ್ಲವೇ ಪ್ಲಗ್‌ನಲ್ಲೋ ವೋಲ್ಟೇಜ್‌ನಲ್ಲೋ ತೊಂದರೆ ಇರುತ್ತದೆ. ಕಾಯಿಲ್ ಒಂದನ್ನೇ ಬದಲಿಸಿ ಬಂದರೆ ಎರಡು ವಾರಕ್ಕೆ ಮತ್ತೆ ಅದೇ ಫೋನ್. ಅದಕ್ಕೇ ನಾನು ಮನೆಮನೆಯಲ್ಲಿ ನೋಡುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅರ್ಧದಷ್ಟು ಪರೀಕ್ಷೆಗಳಿಗೆ ಸ್ಕ್ರೂಡ್ರೈವರ್ ಕೂಡ ಬೇಕಿಲ್ಲ, ಮನೆಯವರೇ ಮಾಡಬಹುದು.

ನಿಮ್ಮದು ಯಾವ ಡ್ರೈಯರ್?

ಇದನ್ನು ಮೊದಲು ಕೇಳಲೇಬೇಕು. ನಮ್ಮ ಕಡೆ ಸೆಮಿ ಆಟೋಮ್ಯಾಟಿಕ್ ಮೆಷಿನ್‌ನ ಎರಡನೇ ತೊಟ್ಟಿಗೂ ಡ್ರೈಯರ್ ಎಂದೇ ಹೆಸರು. ಒಗೆದ ಬಟ್ಟೆಯನ್ನು ಅದಕ್ಕೆ ಹಾಕಿದರೆ ಗಿರ್ರನೆ ತಿರುಗಿ ನೀರು ಹಿಂಡಿ ಕೊಡುತ್ತದೆ. ಅದರಲ್ಲಿ ಹೀಟರ್ ಇಲ್ಲವೇ ಇಲ್ಲ. "ಹೊಸ ಮೆಷಿನ್, ಡ್ರೈಯರ್ ಬಿಸಿ ಬರ್ತಿಲ್ಲ" ಎಂದು ಕರೆದ ಮನೆಗೆ ಗುಬ್ಬಿವರೆಗೆ ಹೋಗಿ, ಇದನ್ನು ವಿವರಿಸಿ ಬಂದದ್ದೂ ಇದೆ. ಅವರ ತಪ್ಪಲ್ಲ, ಅಂಗಡಿಯಲ್ಲಿ ಹಾಗೆಂದೇ ಹೇಳಿ ಮಾರಿರುತ್ತಾರೆ.

ಬಿಸಿಗಾಳಿಯಿಂದ ಒಣಗಿಸುವ ಮೆಷಿನ್‌ಗಳಲ್ಲಿ ನಮ್ಮ ಮನೆಗಳಿಗೆ ಬಂದಿರುವುದು ಮುಖ್ಯವಾಗಿ ಎರಡು ಬಗೆ. ಒಂದು, ಒಣಗಿಸುವುದಕ್ಕೇ ಇರುವ ಪ್ರತ್ಯೇಕ ಮೆಷಿನ್. ಹೊರಗಿನ ಗಾಳಿಯನ್ನು ಸೇದಿ, ಕಾಯಿಲ್ ಮೇಲೆ ಹಾಯಿಸಿ ಬಿಸಿ ಮಾಡಿ, ಡ್ರಮ್ಮಿನ ಬಟ್ಟೆಯ ಮೂಲಕ ದಾಟಿಸಿ, ತೇವದ ಗಾಳಿಯನ್ನು ದಪ್ಪ ಪೈಪಿನಿಂದ ಆಚೆ ಊದುತ್ತದೆ. ಇನ್ನೊಂದು, ಒಗೆಯುವುದೂ ಒಣಗಿಸುವುದೂ ಒಂದರಲ್ಲೇ ಆಗುವ ಫ್ರಂಟ್ ಲೋಡ್. ಇದರಲ್ಲಿ ತೇವದ ಗಾಳಿ ಹೊರಗೆ ಹೋಗುವುದಿಲ್ಲ, ಒಳಗೇ ತಂಪಾಗಿ ನೀರಾಗಿ ಡ್ರೈನ್ ಪೈಪಿನಲ್ಲಿ ಇಳಿಯುತ್ತದೆ. ಹೀಟ್ ಪಂಪ್ ಎಂಬ ಮೂರನೆಯದೂ ಈಗ ಅಲ್ಲಲ್ಲಿ ಕಾಣುತ್ತಿದೆ. ಅದರ ಒಳಗೆ ಫ್ರಿಜ್‌ನಂತೆ ಕಂಪ್ರೆಸರ್ ಮತ್ತು ಗ್ಯಾಸ್ ಇರುತ್ತದೆ. ಫಿಲ್ಟರ್ ತೊಳೆಯುವುದು ಬಿಟ್ಟರೆ ಅದಕ್ಕೆ ಮನೆಯಲ್ಲಿ ಕೈ ಹಾಕಬೇಡಿ. ನಾನು ಇಲ್ಲಿ ಹೇಳುವುದು ಹೆಚ್ಚಾಗಿ ಮೊದಲನೆಯದಕ್ಕೆ.

ನಿಜಕ್ಕೂ ಬಿಸಿ ಇಲ್ಲವೇ, ಅಥವಾ ಸಾಲುತ್ತಿಲ್ಲವೇ?

ಡ್ರಮ್ ಖಾಲಿ ಮಾಡಿ. ಹೆಚ್ಚು ಬಿಸಿಯ ಪ್ರೋಗ್ರಾಂ ಇಟ್ಟು ಐದು ನಿಮಿಷ ಓಡಿಸಿ. ನಿಲ್ಲಿಸಿ, ಬಾಗಿಲು ತೆರೆದು ಒಳಗೆ ಕೈ ಇಡಿ. ಬಿಸಿ ತಟ್ಟನೆ ಗೊತ್ತಾಗಬೇಕು.

ಕೆಲವರು ಒಣಗಿಸಿ ಮುಗಿದ ಮೇಲೆ ಬಾಗಿಲು ತೆರೆದು, ಬಟ್ಟೆ ಬೆಚ್ಚಗಿಲ್ಲ, ಹೀಟರ್ ಕೆಟ್ಟಿದೆ ಎನ್ನುತ್ತಾರೆ. ಹೆಚ್ಚಿನ ಮೆಷಿನ್‌ಗಳು ಕೊನೆಯ ಐದು ಹತ್ತು ನಿಮಿಷ ಹೀಟರ್ ಆರಿಸಿ ಬರೀ ಗಾಳಿ ಊದುತ್ತವೆ. ಬಟ್ಟೆ ಸುಕ್ಕಾಗದಿರಲಿ, ಕೈ ಸುಡದಿರಲಿ ಎಂದು ಹಾಗೆ ಮಾಡಿರುತ್ತಾರೆ. ಬರೀ ತಣ್ಣನೆ ಗಾಳಿಯ ಪ್ರೋಗ್ರಾಂ ಕೂಡ ಇರುತ್ತದೆ. ಮಕ್ಕಳು ಗುಂಡಿ ತಿರುಗಿಸಿ ಅದರಲ್ಲಿ ಬಿಟ್ಟಿದ್ದನ್ನೂ ನೋಡಿದ್ದೇನೆ. ಅರ್ಧ ಬಿಸಿ, ಪೂರ್ತಿ ಬಿಸಿ ಎಂದು ಸ್ವಿಚ್ ಇದ್ದರೆ ಅದು ಎಲ್ಲಿದೆ ನೋಡಿ.

ಈಗ ನನಗೆ ತುಂಬಾ ಇಷ್ಟವಾದ ಪರೀಕ್ಷೆ. ಇದಕ್ಕೆ ಬೇಕಿರುವುದು ನಿಮ್ಮ ಮನೆಯ ಕರೆಂಟ್ ಮೀಟರ್ ಒಂದೇ. ಮನೆಯ ಫ್ರಿಜ್, ಫ್ಯಾನ್, ಮೋಟರ್ ಎಲ್ಲ ಆರಿಸಿ ಡ್ರೈಯರ್ ಒಂದನ್ನೇ ಪೂರ್ತಿ ಬಿಸಿಯಲ್ಲಿ ಹಾಕಿ. ಮೀಟರಿನ ಮುಖದಲ್ಲಿ ಒಂದು ಕೆಂಪು ಲೈಟ್ ಮಿನುಗುತ್ತಿರುತ್ತದೆ. ಎಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಎಂಬುದು ಅಲ್ಲೇ ಬರೆದಿರುತ್ತದೆ. 3200 ಎಂದಿದೆ ಎಂದುಕೊಳ್ಳಿ. ಡ್ರೈಯರ್ ಒಟ್ಟು 2000 ವ್ಯಾಟ್ ಎಳೆಯುತ್ತಿದ್ದರೆ ಗಂಟೆಗೆ ಎರಡು ಯೂನಿಟ್, ಅಂದರೆ 6400 ಮಿನುಗು, ನಿಮಿಷಕ್ಕೆ ನೂರಕ್ಕೂ ಸ್ವಲ್ಪ ಮೇಲೆ. ಅರ್ಧ ನಿಮಿಷ ಎಣಿಸಿದರೆ ಸಾಕು. ಆ ಅರ್ಧ ನಿಮಿಷದಲ್ಲಿ ಐವತ್ತರ ಮೇಲೆ ಎಣಿಸಿದರೆ ಕಾಯಿಲ್ ಪೂರ್ತಿ ಉರಿಯುತ್ತಿದೆ. ಐದಾರು ಮಾತ್ರ ಸಿಕ್ಕರೆ ಬರೀ ಮೋಟರ್ ಓಡುತ್ತಿದೆ, ಹೀಟರ್‌ಗೆ ಕರೆಂಟೇ ಹೋಗುತ್ತಿಲ್ಲ. ಮಧ್ಯೆ ಇಪ್ಪತ್ತೈದು ಮೂವತ್ತರ ಹತ್ತಿರ ಬಂದರೆ, ಎರಡು ಕಾಯಿಲ್ ಇರುವ ಮಾದರಿಯಲ್ಲಿ ಒಂದು ಹೋಗಿದೆ. ಇನ್ನೊಂದು ರೀತಿಯೂ ಉಂಟು: ಒಂದೆರಡು ನಿಮಿಷ ಜೋರಾಗಿ ಮಿನುಗಿ, ಆಮೇಲೆ ಬಹಳ ಹೊತ್ತು ನಿಧಾನವಾಗಿ, ಮತ್ತೆ ಜೋರಾಗಿ. ಇದು ಗಾಳಿ ಕಟ್ಟಿ ಥರ್ಮೋಸ್ಟಾಟ್ ಪದೇ ಪದೇ ಹೀಟರನ್ನು ತಡೆಯುತ್ತಿರುವ ಲಕ್ಷಣ. ಮೆಷಿನ್ ಬಿಚ್ಚದೆಯೇ ಅರ್ಧ ರೋಗ ತಿಳಿಯಿತು.

ಬಟ್ಟೆಯಲ್ಲಿ ಎಷ್ಟು ನೀರಿದೆ?

ಬಿಸಿ ಸರಿಯಾಗಿಯೇ ಇದೆ, ಆದರೂ ಎರಡು ಗಂಟೆ ಓಡಿದರೂ ಜೀನ್ಸ್ ಹಸಿ. ಆಗ ಬಟ್ಟೆ ಎಷ್ಟು ಹಿಂಡಿ ಬಂದಿದೆ ಎಂದು ನೋಡಬೇಕು. ಒಂದು ಲೀಟರ್ ನೀರನ್ನು ಆವಿ ಮಾಡಲು ಸುಮಾರು 0.65 ಯೂನಿಟ್ ಕರೆಂಟ್ ಬೇಕೇ ಬೇಕು, ಹೀಟ್ ಪಂಪ್ ಬಿಟ್ಟರೆ ಯಾವ ಕಂಪನಿ ಮೆಷಿನ್ ಆದರೂ. ಚೆನ್ನಾಗಿ ಹಿಂಡಿದ ಐದು ಕೆ.ಜಿ. ಹತ್ತಿ ಬಟ್ಟೆಯಲ್ಲಿ ಮೂರು ಲೀಟರ್‌ನಷ್ಟು ನೀರು ಉಳಿದಿರುತ್ತದೆ. ಅರೆಬರೆ ಹಿಂಡಿದರೆ ಐದು ಲೀಟರ್ ಇದ್ದರೂ ಇರಬಹುದು. ಆ ಎರಡು ಲೀಟರ್‌ನ ವ್ಯತ್ಯಾಸ ನಿಮ್ಮ ಮೀಟರ್ ಮೇಲೆ ಕನಿಷ್ಠ ಒಂದೂಕಾಲು ಯೂನಿಟ್ ಆಗಿ ಕೂರುತ್ತದೆ. ಗೃಹಜ್ಯೋತಿ ಇರುವ ಮನೆಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ಲ, ಮಳೆಗಾಲದಲ್ಲಿ ಇದು ಸಣ್ಣ ಲೆಕ್ಕವೇನಲ್ಲ.

ಆದ್ದರಿಂದ ವಾಷಿಂಗ್ ಮೆಷಿನ್‌ನಲ್ಲಿ ಸ್ಪಿನ್ ವೇಗ ಹೆಚ್ಚಿಸಿ, ಕೈಯಲ್ಲಿ ಹಿಂಡಿದ ಬಟ್ಟೆಯನ್ನು ಇನ್ನೊಮ್ಮೆ ಸ್ಪಿನ್ ಮಾಡಿ ಹಾಕಿ. ಡ್ರಮ್ ತುಂಬ ತುರುಕಬೇಡಿ. ಬಟ್ಟೆ ಮೇಲಿಂದ ಬೀಳಲು ಜಾಗ ಇದ್ದರೇ ಗಾಳಿ ಅದರ ಮಧ್ಯೆ ನುಗ್ಗುವುದು. ಹೊದಿಕೆಯ ಒಳಗೆ ಸಣ್ಣ ಬಟ್ಟೆಗಳು ಸೇರಿ ಉಂಡೆಯಾದರೆ ಹೊರಗೆ ಗರಿಗರಿ, ಒಳಗೆ ತೊಪ್ಪೆ.

ಗಾಳಿಯ ದಾರಿ

ಇಲ್ಲಿ ಆತುರ ಬೇಡ. ನನ್ನ ಅನುಭವದಲ್ಲಿ ಡ್ರೈಯರ್‌ನ ಅರ್ಧಕ್ಕೂ ಹೆಚ್ಚು ಕಾಯಿಲೆ ಇಲ್ಲೇ ಸಿಗುತ್ತದೆ.

ಬಟ್ಟೆ ಒಣಗುವಾಗ ನವಿರಾದ ನೂಲಿನ ಧೂಳು ಉದುರುತ್ತದೆ. ಇದಕ್ಕೇ ಲಿಂಟ್ ಎನ್ನುವುದು. ಅದನ್ನು ಹಿಡಿಯಲು ಬಾಗಿಲ ಹತ್ತಿರವೋ ಡ್ರಮ್ಮಿನ ಹಿಂದೆಯೋ ಒಂದು ಜಾಲರಿ ಇರುತ್ತದೆ. ಪ್ರತಿ ಲೋಡಿನ ನಂತರ ಅದನ್ನು ತೆಗೆದು ಬೆರಳಲ್ಲಿ ಬಳಿಯಬೇಕು. ವಾರಕ್ಕೊಮ್ಮೆ ಅಲ್ಲ, ಪ್ರತಿ ಲೋಡಿಗೆ. ಹೊಸ ಟವೆಲ್ ಹಾಕಿದ ದಿನ ಜಾಲರಿಯ ಮೇಲೆ ಬೂದು ಬಣ್ಣದ ಕಂಬಳಿಯಂಥ ಪದರವೇ ಏಳುತ್ತದೆ.

ಕಣ್ಣಿಗೆ ಜಾಲರಿ ಶುಭ್ರವಾಗಿ ಕಂಡರೂ ಸಾಲದು. ಬಟ್ಟೆ ಮೆತ್ತಗಾಗಲಿ, ಪರಿಮಳ ಬರಲಿ ಎಂದು ಹಾಕುವ ಕಂಡೀಷನರ್‌ನ ಜಿಡ್ಡು ಅದರ ಕಣ್ಣುಗಳ ಮೇಲೆ ತೆಳು ಪೊರೆ ಕಟ್ಟುತ್ತದೆ. ಜಾಲರಿಯನ್ನು ನಲ್ಲಿಯ ಕೆಳಗೆ ಹಿಡಿಯಿರಿ. ನೀರು ಸರ್ರನೆ ಇಳಿದರೆ ಸರಿ. ಮೇಲೇ ನಿಂತು ಅಂಚಿನಿಂದ ಜಾರಿದರೆ ಗಾಳಿಯೂ ಹಾಗೆಯೇ ತಡೆದು ನಿಲ್ಲುತ್ತಿದೆ ಎಂದರ್ಥ. ಪಾತ್ರೆ ತೊಳೆಯುವ ಲಿಕ್ವಿಡ್, ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಎರಡೂ ಕಡೆ ಮೆಲ್ಲಗೆ ಉಜ್ಜಿ, ಚೆನ್ನಾಗಿ ಒಣಗಿಸಿ ಹಾಕಿ. ಹರಿದಿದ್ದರೆ ಹೊಲಿದು ತೇಪೆ ಹಾಕುವ ಕೆಲಸ ಬೇಡ, ಹೊಸದು ತನ್ನಿ. ತೂತಿನಿಂದ ನುಸುಳಿದ ಲಿಂಟ್ ಫ್ಯಾನಿನಲ್ಲೂ ಹಿಂದಿನ ಪೈಪಿನಲ್ಲೂ ಹೋಗಿ ಕಟ್ಟುತ್ತದೆ.

ಆಮೇಲೆ ಹಿಂದಿನ ಪೈಪ್. ಸಾಮಾನ್ಯವಾಗಿ ನಾಲ್ಕು ಇಂಚಿನದು, ಅಕಾರ್ಡಿಯನ್ ಹಾಗೆ ಮಡಚಿಕೊಳ್ಳುವಂಥದ್ದು. ಮೆಷಿನನ್ನು ಗೋಡೆಗೆ ಒತ್ತಿ ನಿಲ್ಲಿಸಿದಾಗ ಅದು ಚಪ್ಪಟೆಯಾಗಿ ಕೂರುತ್ತದೆ. ಮೆಷಿನ್ ಮುಂದಕ್ಕೆ ಎಳೆದು ಪೈಪ್ ಕಳಚಿ ಬಿಸಿಲಿಗೆ ಹಿಡಿದು ಒಂದು ತುದಿಯಿಂದ ನೋಡಿ. ಇನ್ನೊಂದು ತುದಿಯ ಬೆಳಕು ಕಾಣಬೇಕು. ಉದ್ದ ಆದಷ್ಟು ಕಡಿಮೆ ಇರಲಿ, ತಿರುವು ಒಂದೋ ಎರಡೋ ಸಾಕು. ಹೊರಗಿನ ಬಾಯಿಗೆ ಸೊಳ್ಳೆ ಪರದೆ ಕಟ್ಟುವವರಿದ್ದಾರೆ. ದಯವಿಟ್ಟು ಬಿಚ್ಚಿ, ನಾಲ್ಕೇ ದಿನದಲ್ಲಿ ಲಿಂಟ್ ಹಿಡಿದು ಮುಚ್ಚಿಬಿಡುತ್ತದೆ. ಬದಲಿಗೆ ಗಾಳಿ ಬಂದಾಗ ತೆರೆದು ನಿಂತಾಗ ಮುಚ್ಚುವ ರೆಕ್ಕೆಯ ಮುಚ್ಚಳ ಸಿಗುತ್ತದೆ, ಅದನ್ನು ಹಾಕಿ.

ಪೈಪ್ ಹೊರಗೇ ಬಿಡದೆ ಮೆಷಿನನ್ನು ಮುಚ್ಚಿದ ಬಾತ್‌ರೂಮಿನಲ್ಲಿ ಓಡಿಸುವುದೂ ತುಂಬಾ ಕಡೆ ಇದೆ. ತೇವದ ಗಾಳಿಯನ್ನೇ ಮತ್ತೆ ಸೇದಿ, ಮತ್ತೆ ಊದಿ, ಗೋಡೆಯೆಲ್ಲ ಬೆವರುತ್ತದೆ, ಬಟ್ಟೆ ಒಣಗುವುದಿಲ್ಲ. ಕಿಟಕಿ ತೆರೆಯಿರಿ, ಎಕ್ಸಾಸ್ಟ್ ಫ್ಯಾನ್ ಹಾಕಿ. ಮೆಷಿನ್ ಗಾಳಿ ಸೇದುವ ಕಿಂಡಿಯನ್ನೂ ಮರೆಯಬೇಡಿ. ರಸ್ತೆ ಬದಿಯ ಮನೆಗಳಲ್ಲಿ ಅಲ್ಲಿ ಕೆಂಪು ಧೂಳು ಒಂದು ಪದರ ಕೂತಿರುತ್ತದೆ. ಪೇಂಟ್ ಬ್ರಷ್‌ನಿಂದ ಬಿಡಿಸಿ ವ್ಯಾಕ್ಯೂಮ್ ಹಿಡಿಯಿರಿ.

ಕ್ಯಾತ್ಸಂದ್ರದ ಬಾಣಂತಿ ಮನೆ

ಹೋದ ಮಳೆಗಾಲದಲ್ಲಿ ಕ್ಯಾತ್ಸಂದ್ರದ ಒಂದು ಮನೆಗೆ ಹೋಗಿದ್ದೆ. ಮಗಳು ಬಾಣಂತನಕ್ಕೆ ಬಂದಿದ್ದಳು, ಮಗುವಿನ ಬಟ್ಟೆ ದಿನಕ್ಕೆ ಮೂರು ಬಕೆಟ್. ಅದಕ್ಕೆಂದೇ ಯಾರದೋ ಕೈಯಿಂದ ಹಳೆಯ ಡ್ರೈಯರ್ ಕೊಂಡಿದ್ದರು. "ಮೊದ್ಲು ಬಿಸಿ ಬರ್ತಿರ್ಲಿಲ್ಲ, ಒಬ್ಬರು ಬಂದು ಸರಿ ಮಾಡಿದ್ರು. ಈಗ ಬಿಸಿಯೇನೋ ಚೆನ್ನಾಗಿ ಬರುತ್ತೆ, ಆದ್ರೆ ಏನೋ ಸೀದ ವಾಸನೆ ಕಣಪ್ಪ" ಎಂದರು ಅಜ್ಜಿ.

ಪ್ಲಗ್ ಕಿತ್ತು ಹಿಂದಿನ ತಗಡು ಬಿಚ್ಚಿದೆ. ಶಾಖ ಮಿತಿ ಮೀರಿದರೆ ಕಡಿಯುವ ಥರ್ಮಲ್ ಫ್ಯೂಸ್ ಇರಬೇಕಾದ ಜಾಗದಲ್ಲಿ ಫ್ಯೂಸ್ ಇರಲಿಲ್ಲ. ಅದರ ಎರಡು ವೈರನ್ನು ತಿರುಚಿ ಸೇರಿಸಿ ಕಪ್ಪು ಟೇಪ್ ಸುತ್ತಿದ್ದರು. ಟೇಪ್ ಕರಗಿ ಎಣ್ಣೆಯಂತೆ ಇಳಿದಿತ್ತು. ಹೀಟರ್ ಡಬ್ಬಿಯ ಮೂಲೆಯಲ್ಲಿ ಸೇರಿದ್ದ ಲಿಂಟ್ ಬೂದು ಬಣ್ಣ ಕಳೆದುಕೊಂಡು ಹುರಿದ ಕಾಫಿಪುಡಿಯ ಬಣ್ಣಕ್ಕೆ ತಿರುಗಿತ್ತು. ಬೆರಳಲ್ಲಿ ಮುಟ್ಟಿದರೆ ಪುಡಿಪುಡಿ. ಇನ್ನು ಸ್ವಲ್ಪ ಶಾಖ ಸಿಕ್ಕಿದ್ದರೆ ಹೊತ್ತಿಕೊಳ್ಳುತ್ತಿತ್ತು. ಮೆಷಿನ್ ಇದ್ದದ್ದು ಮಗು ಮಲಗುವ ಕೋಣೆಯ ಗೋಡೆಗೆ ಒತ್ತಿ.

ಫ್ಯೂಸ್ ಯಾಕೆ ಹೋಗಿತ್ತು ಎಂದು ಹುಡುಕಿದರೆ, ಪೈಪ್ ಹೊರಗೆ ಬಾಯಿ ತೆರೆಯುವ ಕಡೆ ಕುಂಬಾರ ಹುಳು ಗೂಡು ಕಟ್ಟಿತ್ತು. ಹಿಡಿ ಗಾತ್ರದ ಗಟ್ಟಿ ಮಣ್ಣು, ಅದರ ಹಿಂದೆ ಲಿಂಟ್ ಮೆತ್ತಿಕೊಂಡು ಬಿರಡೆ ಹಾಕಿದ ಹಾಗೆ. ಬೇಸಿಗೆಯಲ್ಲಿ ಮೆಷಿನ್ ಸುಮ್ಮನೆ ನಿಂತಿರುವಾಗ ಹುಳು ತನ್ನ ಕೆಲಸ ಮಾಡಿಕೊಂಡಿದೆ. ಗಾಳಿ ಹೋಗಲಿಲ್ಲ, ಶಾಖ ಏರಿತು, ಫ್ಯೂಸ್ ತಾನು ಮಾಡಬೇಕಾದ್ದನ್ನು ಮಾಡಿ ಕಡಿಯಿತು. ಮನೆ ಉಳಿಸಿದ ಆ ಫ್ಯೂಸನ್ನೇ ಕಿತ್ತು ಹಾಕಿದ್ದರು.

ಇದಕ್ಕೆ ನಮ್ಮ ಲೈನಿನಲ್ಲಿ "ಡೈರೆಕ್ಟ್ ಮಾಡೋದು" ಎನ್ನುತ್ತಾರೆ. ಬೇಗ ಆಗುತ್ತದೆ, ಗಿರಾಕಿಗೆ ಆಗಲೇ ಬಿಸಿ ಕಾಣುತ್ತದೆ, ಖರ್ಚಿಲ್ಲ. ನಿಮ್ಮ ಮನೆಗೆ ಬಂದವರು "ಫ್ಯೂಸ್ ಸ್ಟಾಕ್ ಇಲ್ಲ, ಸದ್ಯಕ್ಕೆ ಡೈರೆಕ್ಟ್ ಕೊಟ್ಟಿರ್ತೀನಿ" ಎಂದರೆ ಬೇಡ ಎನ್ನಿ. ಫ್ಯೂಸ್ ಬರುವವರೆಗೆ ಬಟ್ಟೆಯನ್ನು ಫ್ಯಾನ್ ಕೆಳಗೆ ಹಗ್ಗ ಕಟ್ಟಿ ಒಣಗಿಸಿ. ಒಂದು ದಿನಕ್ಕೂ, ಒಂದು ಲೋಡಿಗೂ ಡೈರೆಕ್ಟ್ ಬೇಡ. ಹಳೆಯ ಡ್ರೈಯರ್ ಕೊಳ್ಳುವವರು ಹಿಂದಿನ ತಗಡು ಬಿಚ್ಚಿಸಿ, ಫ್ಯೂಸ್ ಇದೆಯೇ ಎಂದು ಕಣ್ಣಾರೆ ನೋಡಿದ ಮೇಲೆ ದುಡ್ಡು ಕೊಡಿ.

ಪ್ಲಗ್, ಸಾಕೆಟ್, ವೋಲ್ಟೇಜ್

2000 ವ್ಯಾಟ್ ಮೆಷಿನ್ 230 ವೋಲ್ಟ್‌ನಲ್ಲಿ ಒಂಬತ್ತು ಆಂಪಿಯರ್‌ನಷ್ಟು ಎಳೆಯುತ್ತದೆ. 16 ಆಂಪಿಯರ್‌ನ ದೊಡ್ಡ ಸಾಕೆಟ್ ಬೇಕು, ಒಳ್ಳೆಯ ಅರ್ಥಿಂಗ್ ಬೇಕು. ಟಿ.ವಿ.ಗೆ ಬಳಸುವ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಯಾವ ಕಾರಣಕ್ಕೂ ಹಾಕಬೇಡಿ. ಮನೆಯ ಯುಪಿಎಸ್ ಲೈನಿಗೂ ಬೇಡ.

ಇಪ್ಪತ್ತು ನಿಮಿಷ ಓಡಿಸಿ, ಸ್ವಿಚ್ ಆರಿಸಿ, ಪ್ಲಗ್ ಕಿತ್ತು ಪಿನ್ನುಗಳ ಹತ್ತಿರ ಕೈ ತನ್ನಿ. ಉಗುರುಬೆಚ್ಚಗಿದ್ದರೆ ಚಿಂತೆಯಿಲ್ಲ. ಮುಟ್ಟಲಾಗದಷ್ಟು ಬಿಸಿ ಇದ್ದರೆ, ಪಿನ್ ಸುತ್ತ ಪ್ಲಾಸ್ಟಿಕ್ ಕಂದಿದ್ದರೆ, ಸಾಕೆಟ್ ಒಳಗಿನ ಹಿತ್ತಾಳೆ ಸಡಿಲವಾಗಿದೆ. ಬಟ್ಟೆಗೆ ಹೋಗಬೇಕಾದ ಬಿಸಿ ಗೋಡೆಯಲ್ಲಿ ಹುಟ್ಟುತ್ತಿದೆ. ಎಲೆಕ್ಟ್ರಿಷಿಯನ್ ಕರೆದು ಸಾಕೆಟ್, ಪ್ಲಗ್ ಎರಡನ್ನೂ ಬದಲಿಸಿ. ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನು ಸುಡುತ್ತದೆ.

ವೋಲ್ಟೇಜ್ ವಿಷಯವನ್ನು ನಮ್ಮ ಭಾಗದಲ್ಲಿ ಬಿಡುವಂತಿಲ್ಲ. ವೋಲ್ಟೇಜ್ ಸ್ವಲ್ಪ ಇಳಿದರೂ ಹೀಟರ್‌ನ ಶಕ್ತಿ ತುಂಬಾ ಇಳಿಯುತ್ತದೆ, ಏಕೆಂದರೆ ಅದು ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಬದಲಾಗುವುದು. 230ರಲ್ಲಿ 2000 ವ್ಯಾಟ್ ಕೊಡುವ ಕಾಯಿಲ್ 190 ವೋಲ್ಟ್‌ನಲ್ಲಿ 1365 ವ್ಯಾಟ್ ಕೊಡುತ್ತದೆ. 170ಕ್ಕೆ ಇಳಿದರೆ ಸುಮಾರು 1090, ಅಂದರೆ ಅರ್ಧದ ಹತ್ತಿರ. ಸಂಜೆ ಏಳರಿಂದ ಒಂಬತ್ತರ ಹೊತ್ತಿಗೆ ಇಡೀ ಬೀದಿ ಕರೆಂಟ್ ಎಳೆಯುವಾಗ, ಟ್ರಾನ್ಸ್‌ಫಾರ್ಮರ್‌ನಿಂದ ದೂರದ ಕೊನೆಯ ಕಂಬದ ಮನೆಗಳಲ್ಲಿ ಹೀಗಾಗುವುದು ಹೊಸದೇನಲ್ಲ. ಬೆಳಿಗ್ಗೆ ಓಡಿಸಿದರೆ ಒಣಗುತ್ತದೆ, ಸಂಜೆ ಒಣಗುವುದಿಲ್ಲ ಎಂದರೆ ಮೆಷಿನ್ ಬಿಚ್ಚಬೇಡಿ. ಸಾಕೆಟ್‌ಗೆ ಚುಚ್ಚುವ ಸಣ್ಣ ವೋಲ್ಟ್‌ಮೀಟರ್ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತದೆ, ಎರಡು ಹೊತ್ತೂ ನೋಡಿ ಬರೆದಿಟ್ಟುಕೊಳ್ಳಿ. ಸತತವಾಗಿ ಕಡಿಮೆ ಇದ್ದರೆ ಆ ಅಂಕಿಗಳ ಸಮೇತ 1912ಕ್ಕೆ ದೂರು ಕೊಡಿ. ಲೈಟುಗಳು ಒಮ್ಮೆ ಮಂಕಾಗಿ ಒಮ್ಮೆ ಕಣ್ಣು ಕುಕ್ಕುವಂತೆ ಉರಿಯುತ್ತಿದ್ದರೆ ನ್ಯೂಟ್ರಲ್ ಸಡಿಲವಾಗಿರಬಹುದು. ಆಗ ಮೇನ್ ಆರಿಸಿ, ತಕ್ಷಣ ದೂರು ಕೊಡಿ.

ತಗಡು ಬಿಚ್ಚಿದ ಮೇಲೆ

ಮಲ್ಟಿಮೀಟರ್ ಹಿಡಿದು ಅಭ್ಯಾಸ ಇರುವವರಿಗೆ ಮಾತ್ರ ಈ ಭಾಗ. ಗ್ಯಾರಂಟಿ ಇನ್ನೂ ಇದ್ದರೆ ಬಿಚ್ಚಬೇಡಿ, ಕಂಪನಿಯವರನ್ನೇ ಕರೆಯಿರಿ.

ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತು ನಿಮ್ಮ ಕಣ್ಣೆದುರಿಗೆ ಇಟ್ಟುಕೊಳ್ಳಿ. ಅರ್ಧ ಗಂಟೆ ತಣ್ಣಗಾಗಲು ಬಿಡಿ. ಮೋಟರಿನ ಕೆಪಾಸಿಟರ್ ತುದಿಗಳನ್ನು ಮುಟ್ಟಬೇಡಿ, ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ. ತಗಡಿನ ಅಂಚು ಬ್ಲೇಡ್‌ನಂತೆ ಇರುತ್ತದೆ, ಕೈಗೆ ದಪ್ಪ ಗ್ಲೌಸ್ ಹಾಕಿ. ಯಾವ ವೈರ್ ಎಲ್ಲಿತ್ತು ಎಂದು ಮೊಬೈಲಿನಲ್ಲಿ ಫೋಟೋ ತೆಗೆದ ಮೇಲೆಯೇ ಮೊದಲ ವೈರ್ ಎಳೆಯಿರಿ. ಇಲ್ಲಿ ಹೇಳುವ ಎಲ್ಲ ಅಳತೆಯೂ ಕರೆಂಟ್ ಇಲ್ಲದೆ ಮಾಡುವಂಥದ್ದು. ಪ್ಲಗ್ ಹಾಕಿಕೊಂಡು ಒಳಗೆ ಟೆಸ್ಟರ್ ಇಡುವ ಕೆಲಸ ಮನೆಯಲ್ಲಿ ಬೇಡ.

ಮೀಟರ್‌ಗಿಂತ ಮೊದಲು ಕಣ್ಣು, ಮೂಗು ಬಳಸಿ. ಹೀಟರ್‌ಗೆ ಹೋಗುವ ವೈರಿನ ತುದಿಯಲ್ಲಿ ಚಪ್ಪಟೆ ಕ್ಲಿಪ್ ಇರುತ್ತದೆ. ಅದು ನೀಲಿಯೋ ಕಪ್ಪೋ ಆಗಿದ್ದರೆ, ಎಳೆದರೆ ಸಲೀಸಾಗಿ ಕೈಗೆ ಬಂದರೆ, ಲೂಸ್ ಕನೆಕ್ಷನ್ ಅಲ್ಲೇ ಸಿಕ್ಕಿತು. ಸುಟ್ಟ ಭಾಗ ಕತ್ತರಿಸಿ, ತಾಮ್ರ ಹೊಳೆಯುವ ತನಕ ಹಿಂದಕ್ಕೆ ಸುಲಿದು, ಶಾಖ ತಡೆಯುವ ವೈರ್ ಮತ್ತು ಹೊಸ ಕ್ಲಿಪ್ ಹಾಕಿ ಬಿಗಿಯಾಗಿ ಒತ್ತಿಸಬೇಕು. ಮಾಮೂಲಿ ಟೇಪ್ ಅಲ್ಲಿ ನಿಲ್ಲುವುದಿಲ್ಲ.

ಥರ್ಮಲ್ ಫ್ಯೂಸ್: ಹೀಟರ್ ಡಬ್ಬಿಯ ಮೇಲೋ ಫ್ಯಾನಿನ ಕವಚದ ಮೇಲೋ ಎರಡು ವೈರಿನ ಪುಟ್ಟ ಬಿಡಿಭಾಗ. ಒಂದು ವೈರ್ ಕಳಚಿ, ಮೀಟರನ್ನು ಬೀಪ್ ಬರುವ ಕಡೆ ಇಟ್ಟು ಎರಡೂ ತುದಿ ಮುಟ್ಟಿಸಿ. ಬೀಪ್ ಬಂದರೆ ಚೆನ್ನಾಗಿದೆ. ಬಾರದಿದ್ದರೆ ಹೋಗಿದೆ, ಅದು ಮತ್ತೆ ಕೂಡುವುದಿಲ್ಲ. ಕೆಲವು ಮಾದರಿಗಳಲ್ಲಿ ಮಧ್ಯೆ ಪುಟ್ಟ ಗುಂಡಿ ಇರುವ ಕಟ್‌ಔಟ್ ಇರುತ್ತದೆ, ತಣ್ಣಗಾದ ಮೇಲೆ ಒತ್ತಿದರೆ ಟಿಕ್ ಎಂದು ಕೂಡುತ್ತದೆ. ಎರಡರಲ್ಲೂ ಕಡಿದದ್ದಕ್ಕೆ ಕಾರಣ ಸಿಗುವವರೆಗೆ ಮೆಷಿನ್ ಓಡಿಸಬೇಡಿ. ಹೊಸ ಫ್ಯೂಸ್ ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ, ಮೈಮೇಲೆ ಬರೆದ ಡಿಗ್ರಿ ಮತ್ತು ಆಂಪಿಯರ್ ಎರಡೂ ಅದೇ ಇರಬೇಕು. "ಇದು ಇನ್ನೂ ಹೆಚ್ಚು ತಡೆಯುತ್ತೆ" ಎಂದು ಹೆಚ್ಚಿನ ಡಿಗ್ರಿಯದನ್ನು ಕೊಟ್ಟರೆ ತೆಗೆದುಕೊಳ್ಳಬೇಡಿ. ಅಂದಹಾಗೆ, ಫ್ಯೂಸ್ ಹೋದಾಗ ಕೆಲವು ಮೆಷಿನ್ ಬಿಸಿಯಿಲ್ಲದೆ ತಿರುಗುತ್ತವೆ, ಇನ್ನು ಕೆಲವು ಅಲುಗಾಡುವುದೇ ಇಲ್ಲ. ಹಾಗಾಗಿ ಡ್ರಮ್ ತಿರುಗುತ್ತಿಲ್ಲ ಎಂದ ಕೂಡಲೇ ಮೋಟರ್ ಬಿಚ್ಚಲು ಹೋಗಬೇಡಿ.

ಥರ್ಮೋಸ್ಟಾಟ್: ನಾಣ್ಯದಂತೆ ದುಂಡಗಿನ ಮುಖದ ಬಿಡಿಭಾಗ, ಒಂದಕ್ಕಿಂತ ಹೆಚ್ಚು ಇರುತ್ತವೆ. ಮೆಷಿನ್ ತಣ್ಣಗಿದ್ದಾಗ ಬೀಪ್ ಬರಬೇಕು. ಎಲೆಕ್ಟ್ರಾನಿಕ್ ಬೋರ್ಡ್ ಇರುವ ಮಾದರಿಯಲ್ಲಿ ಇದರ ಜತೆಗೆ ಥರ್ಮಿಸ್ಟರ್ ಎಂಬ ಸಣ್ಣ ಸೆನ್ಸರ್ ಇರುತ್ತದೆ. ಅದರ ಓಮ್ ಎಷ್ಟಿರಬೇಕು ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ಆದರೆ ಒಂದು ಸುಲಭ ಪರೀಕ್ಷೆ ಎಲ್ಲಕ್ಕೂ ನಡೆಯುತ್ತದೆ. ಮೀಟರ್ ಕೊಟ್ಟುಕೊಂಡು ಸೆನ್ಸರನ್ನು ಮುಷ್ಟಿಯಲ್ಲಿ ಹಿಡಿಯಿರಿ. ಕೈಯ ಬಿಸಿಗೆ ಅಂಕಿ ಮೆಲ್ಲನೆ ಇಳಿಯುತ್ತಾ ಹೋಗಬೇಕು. ಕದಲದೆ ನಿಂತರೆ, ಇಲ್ಲವೇ ಎಲ್ಲೆಲ್ಲೋ ಜಿಗಿದರೆ ಸೆನ್ಸರ್ ಕೆಟ್ಟಿದೆ.

ಕಾಯಿಲ್: ಇದರ ಸರದಿ ಈಗ ಬಂತು. ಎರಡೂ ವೈರ್ ಕಳಚಿ ಓಮ್‌ನಲ್ಲಿ ಅಳೆಯಿರಿ. ಎಷ್ಟು ಬರಬೇಕು ಎಂದು ನೀವೇ ಲೆಕ್ಕ ಹಾಕಬಹುದು: 52,900 ಅನ್ನು ಕಾಯಿಲ್‌ನ ವ್ಯಾಟ್‌ನಿಂದ ಭಾಗಿಸಿ. 2000 ವ್ಯಾಟ್‌ಗೆ ಇಪ್ಪತ್ತಾರು ಓಮ್, 1000 ವ್ಯಾಟ್‌ಗೆ ಐವತ್ಮೂರು. ಒಂದೆರಡು ಓಮ್ ಆಚೀಚೆ ಇದ್ದರೆ ಪರವಾಗಿಲ್ಲ. ಮೀಟರ್ ಏನೂ ತೋರಿಸದಿದ್ದರೆ ತಂತಿ ಎಲ್ಲೋ ಕಡಿದಿದೆ. ಕಡಿದ ಎರಡು ತುದಿಯನ್ನು ಎಳೆದು ಗಂಟು ಹಾಕಿ ಕೂರಿಸುವುದನ್ನು ಒಲೆಯ ಕಾಯಿಲ್‌ಗೆ ಮಾಡಿ ಅಭ್ಯಾಸವಿರುವವರು ಇಲ್ಲೂ ಮಾಡುತ್ತಾರೆ. ಬೇಡ, ಗಂಟು ಇರುವ ಜಾಗ ಕೆಂಪಗೆ ಕಾದು ಮತ್ತೆ ಅಲ್ಲೇ ಕಡಿಯುತ್ತದೆ, ಕೆಳಗೆ ಲಿಂಟ್ ಇದ್ದರೆ ಅದರ ಮೇಲೇ ಬೀಳುತ್ತದೆ.

ಇನ್ನೊಂದು ಅಳತೆ ಉಳಿದಿದೆ. ಕಾಯಿಲ್‌ನ ಒಂದು ತುದಿಯಿಂದ ತಗಡಿನ ಮೈಗೆ. ಬೀಪ್ ಬರಲೇಬಾರದು. ಬಂದರೆ ಕಾಯಿಲ್ ಜೋತು ತಗಡಿಗೆ ತಾಗಿದೆ, ಮೆಷಿನ್ ಶಾಕ್ ಹೊಡೆಯುತ್ತದೆ. ಡ್ರೈಯರ್ ಹಾಕಿದ ಕೂಡಲೇ ಮನೆಯ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್, ಬೀಳುವುದಕ್ಕೆ ಇದೂ ಒಂದು ಕಾರಣ. ಆರ್‌ಸಿಸಿಬಿಯನ್ನು ಬೈದು ತೆಗೆಸಬೇಡಿ, ಅದು ಸರಿಯಾಗಿಯೇ ಕೆಲಸ ಮಾಡುತ್ತಿದೆ.

ತಗಡು ಬಿಚ್ಚಿದ್ದೀರಲ್ಲ, ಒಳಗಿನ ಲಿಂಟ್ ಪೂರ್ತಿ ತೆಗೆಯಿರಿ. ಫ್ಯಾನಿನ ರೆಕ್ಕೆ, ಮೋಟರ್ ಸುತ್ತ, ಹೀಟರ್ ಡಬ್ಬಿಯ ಮೂಲೆ. ಫ್ಯಾನಿಗೆ ಬೆಲ್ಟ್ ಇರುವ ಮಾದರಿಯಾದರೆ ಅದು ಸಡಿಲವಾಗಿದೆಯೇ ಎಂದು ಒತ್ತಿ ನೋಡಿ. ಡ್ರಮ್ ತಿರುಗುತ್ತಾ, ಫ್ಯಾನ್ ಮಾತ್ರ ಜಾರುತ್ತಿದ್ದರೆ ಪೈಪ್ ಶುಭ್ರವಾಗಿದ್ದರೂ ಶಾಖ ಒಳಗೇ ಕಟ್ಟುತ್ತದೆ.

ಎಲ್ಲವೂ ಸರಿಯಾಗಿದ್ದು ಹೀಟರ್‌ಗೆ ಮಾತ್ರ ಕರೆಂಟ್ ಬರುತ್ತಿಲ್ಲ ಎಂದಾದರೆ ಉಳಿದದ್ದು ಟೈಮರ್, ಬಾಗಿಲ ಸ್ವಿಚ್, ಇಲ್ಲವೇ ಬೋರ್ಡ್ ಮೇಲಿನ ರಿಲೇ. ಅಲ್ಲಿಗೆ ನಿಲ್ಲಿಸಿ, ತಿಳಿದವರನ್ನು ಕರೆಯಿರಿ. ನೀವು ಅಳೆದ ಅಂಕಿಗಳನ್ನು ಅವರಿಗೆ ಹೇಳಿದರೆ ಅವರ ಸಮಯವೂ ಉಳಿಯುತ್ತದೆ, ಬೇಡದ ಬಿಡಿಭಾಗದ ಬಿಲ್ಲೂ ತಪ್ಪುತ್ತದೆ.

ಎರಡೂ ಒಂದರಲ್ಲೇ ಇರುವ ಮೆಷಿನ್ ಆದರೆ

ಒಣಗಿಸುವ ಲೋಡ್ ಒಗೆಯುವ ಲೋಡಿಗಿಂತ ಕಡಿಮೆ, ಹೆಚ್ಚುಕಡಿಮೆ ಅರ್ಧದಿಂದ ಮೂರನೇ ಎರಡರಷ್ಟು. ತುಂಬ ಒಗೆದು ಹಾಗೆಯೇ ಒಣಗಲು ಬಿಟ್ಟರೆ ಒಣಗದು. ಇಂಥ ಹಲವು ಮಾದರಿಗಳು ಆವಿಯನ್ನು ತಂಪು ಮಾಡಲು ನಲ್ಲಿಯ ನೀರನ್ನೇ ಬಳಸುತ್ತವೆ. ಒಗೆದಾಯಿತಲ್ಲ ಎಂದು ನಲ್ಲಿ ತಿರುಗಿಸಿ ಬಂದರೆ, ಅಥವಾ ಓವರ್‌ಹೆಡ್ ಟ್ಯಾಂಕ್ ಖಾಲಿಯಾಗಿದ್ದರೆ, ಬಟ್ಟೆ ಬಿಸಿಬಿಸಿ ಇರುತ್ತದೆ, ಆದರೆ ಇಡ್ಲಿ ಪಾತ್ರೆಯಿಂದ ತೆಗೆದಂತೆ ಹಬೆಯಾಡುತ್ತದೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ನೀರು ಬರುವ ಪೈಪಿನ ಜಾಲರಿಯಲ್ಲಿ ಬಿಳಿ ಗಸಿ ಕಟ್ಟಿ ಇದೇ ತೊಂದರೆ ಬರುತ್ತದೆ. ನಲ್ಲಿ ಮುಚ್ಚಿ, ಪೈಪ್ ಬಿಚ್ಚಿ, ಜಾಲರಿ ಇಕ್ಕಳದಿಂದ ಎಳೆದು ನಿಂಬೆಹುಳಿ ನೀರಿನಲ್ಲಿ ನೆನೆಸಿ ತೊಳೆಯಿರಿ. ಒಳಗಿನ ಗಾಳಿ ದಾರಿಯಲ್ಲಿ ಲಿಂಟ್ ಕಟ್ಟಿದ್ದರೆ ಮಾತ್ರ ಮೆಕ್ಯಾನಿಕ್ ಬೇಕು, ಮೇಲಿನ ಮುಚ್ಚಳ ತೆಗೆದು ಶುಭ್ರ ಮಾಡುವ ಕೆಲಸ ಅದು.

ಮತ್ತೆ ಮುಚ್ಚುವಾಗ

ಫೋಟೋ ನೋಡಿಕೊಂಡು ವೈರ್ ಜೋಡಿಸಿ, ಯಾವ ವೈರೂ ಬೆಲ್ಟ್‌ಗಾಗಲಿ ಹೀಟರ್ ಡಬ್ಬಿಗಾಗಲಿ ತಾಗದಂತೆ ಕಟ್ಟಿ, ಹಸಿರು ಅರ್ಥ್ ವೈರ್ ಅದರ ಸ್ಕ್ರೂಗೆ ಮರಳಿದೆಯೇ ಎಂದು ಎರಡು ಸಲ ನೋಡಿ, ತಗಡು ಮುಚ್ಚಿ. ಮೊದಲ ಓಟ ಖಾಲಿ ಡ್ರಮ್ಮಿನಲ್ಲಿ ಹದಿನೈದು ನಿಮಿಷ, ನೀವು ಪಕ್ಕದಲ್ಲೇ ಇದ್ದು. ಹೊರಗಿನ ಪೈಪ್ ಬಾಯಿಗೆ ಅಂಗೈ ಹಿಡಿದರೆ ಗಾಳಿ ತಳ್ಳಬೇಕು, ಸುಮ್ಮನೆ ಸೋಕಿದರೆ ಸಾಲದು. ಮೊದಲ ನಿಮಿಷಗಳಲ್ಲಿ ಕೂತ ಧೂಳಿನ ವಾಸನೆ ಬರಬಹುದು. ಅದು ಹೋಗದೆ ಹೆಚ್ಚುತ್ತಾ ಬಂದರೆ ಪ್ಲಗ್ ಕಿತ್ತುಬಿಡಿ. ಆಮೇಲೆ ಚೆನ್ನಾಗಿ ಹಿಂಡಿದ ಎರಡು ಟವೆಲ್ ಹಾಕಿ ಇನ್ನೊಮ್ಮೆ ಓಡಿಸಿ, ಮೀಟರಿನ ಕೆಂಪು ಲೈಟ್ ಮತ್ತೆ ಎಣಿಸಿ. ಮನೆಯಲ್ಲಿ ಯಾರೂ ಇಲ್ಲದಾಗ, ರಾತ್ರಿ ಎಲ್ಲರೂ ಮಲಗಿದ ಮೇಲೆ ಡ್ರೈಯರ್ ಹಾಕಿ ಬಿಡುವ ರೂಢಿ ಇದ್ದರೆ ಬಿಡಿ.

ಕ್ಯಾತ್ಸಂದ್ರದ ಮನೆಯಲ್ಲಿ ಆ ದಿನ ಮಣ್ಣಿನ ಗೂಡು ಒಡೆದು ತೆಗೆದು, ಲಿಂಟ್ ಬಳಿದು, ಮೆಷಿನನ್ನು ಗೋಡೆಯಿಂದ ಒಂದು ಮೊಳ ಈಚೆ ಎಳೆದು ಬಂದೆ. ಪ್ಲಗ್ ಮಾತ್ರ ಅಜ್ಜಿಯ ಕೈಗೆ ಕೊಟ್ಟು, ಫ್ಯೂಸ್ ಬರೋವರೆಗೆ ಹಾಕಬೇಡಿ ಅಂದೆ. ಎರಡು ದಿನ ಬಟ್ಟೆಯೆಲ್ಲ ನಡುಮನೆಯ ಹಗ್ಗದ ಮೇಲಿತ್ತಂತೆ. ಫ್ಯೂಸ್ ಬೆಂಗಳೂರಿನಿಂದ ತರಿಸಿ ಮೂರನೇ ದಿನ ಹಾಕಿದೆ. ಪೈಪ್ ಬಾಯಿಗೆ ರೆಕ್ಕೆಯ ಮುಚ್ಚಳವನ್ನೂ ಕೂರಿಸಿದೆ. ಮೂರು ಬಕೆಟ್ ಬಟ್ಟೆಯಲ್ಲಿ ಮೊದಲ ಲೋಡ್ ಐವತ್ತು ನಿಮಿಷಕ್ಕೆ ಒಣಗಿ ಬಂತು.